ಮರೆಯಾಗುವ ಯಂತ್ರ, ಮರೆಯಾಗಬಾರದ ಹೊಣೆ: ಮಾರ್ಕ್ ವೈಸರ್ ಅವರ ಒಂದು ಪ್ರಬಂಧದ ಮರು ಓದು

ಬಾಗಿಲ ಗಂಟೆಗೆ ಕಣ್ಣು ಬಂದಿದೆ, ದೀಪಕ್ಕೆ ಕಿವಿ ಬಂದಿದೆ, ಥರ್ಮೋಸ್ಟಾಟ್‌ಗೆ ನೆನಪಿನ ಶಕ್ತಿ ಬಂದಿದೆ. ಇಷ್ಟು ಸಾಲದೆಂಬಂತೆ ಅವೆಲ್ಲ ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲೂ ಕಲಿತಿವೆ. ನಮ್ಮ ಕೂಟದ ಸದಸ್ಯರಲ್ಲಿ ಬಹುಮಂದಿ ಇಂಥ ವಸ್ತುಗಳನ್ನು ಕೊಂಡು ಬಳಸುವವರು. ಕೆಲವರು ಅವುಗಳನ್ನು ವಿನ್ಯಾಸ ಮಾಡುವ ಕಂಪನಿಗಳಲ್ಲೇ ದುಡಿಯುವವರು. ಈ ವರ್ಷದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ಈ ಎಲ್ಲ ಜಾಣ ವಸ್ತುಗಳ ಬೇರಿನಂತಿರುವ ಒಂದು ಹಳೆಯ ಪ್ರಬಂಧವನ್ನು ತೆಗೆದುಕೊಂಡು ಅದರ ಗುಣದೋಷಗಳನ್ನು ಪರಿಶೀಲಿಸೋಣ ಎನಿಸಿತು.

ಆ ಪ್ರಬಂಧ ಮಾರ್ಕ್ ವೈಸರ್ ಎಂಬ ಕಂಪ್ಯೂಟರ್ ವಿಜ್ಞಾನಿ ಬರೆದ ‘ದ ಕಂಪ್ಯೂಟರ್ ಫಾರ್ ದ ಟ್ವೆಂಟಿಫಸ್ಟ್ ಸೆಂಚುರಿ’, ಅಂದರೆ ಇಪ್ಪತ್ತೊಂದನೆಯ ಶತಮಾನದ ಕಂಪ್ಯೂಟರ್. 1991ರ ಸೆಪ್ಟೆಂಬರ್ ತಿಂಗಳ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ವೈಸರ್ ಆಗ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದ ಕಂಪ್ಯೂಟರ್ ವಿಜ್ಞಾನ ಪ್ರಯೋಗಾಲಯಕ್ಕೆ ಮುಖ್ಯಸ್ಥರು. 1999ರಲ್ಲಿ, ಕೇವಲ 46ನೇ ವಯಸ್ಸಿನಲ್ಲಿ, ತೀರಿಕೊಂಡರು. ತಾವು ಕಂಡ ಕನಸು ನಮ್ಮ ಅಡುಗೆಮನೆಯವರೆಗೆ ಬಂದದ್ದನ್ನು ಅವರು ನೋಡಲಿಲ್ಲ.

ನಾನು ಎಂಜಿನಿಯರ್ ಅಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಈ ದೇಶದ ಆಸ್ಪತ್ರೆಗಳಲ್ಲಿ ಅರಿವಳಿಕೆ ಮತ್ತು ತೀವ್ರನಿಗಾ ಘಟಕಗಳಲ್ಲಿ ಕೆಲಸ ಮಾಡಿ ನಿವೃತ್ತನಾದ ವೈದ್ಯ. ಆದರೆ ಒಂದು ಮಾತು ಹೇಳಬಲ್ಲೆ. ಹತ್ತಾರು ಯಂತ್ರಗಳು ಒಬ್ಬ ಮನುಷ್ಯನ ಸುತ್ತ ನಿಂತು ಒಟ್ಟಾಗಿ ಕೆಲಸ ಮಾಡಬೇಕಾದ ಪರಿಸ್ಥಿತಿ ಮನೆಗಳಿಗೆ ಬರುವುದಕ್ಕೆ ಬಹಳ ಮೊದಲೇ ಐಸಿಯುಗೆ ಬಂದಿತ್ತು. ಆ ಅನುಭವದ ಕನ್ನಡಕ ಹಾಕಿಕೊಂಡು ವೈಸರ್ ಅವರನ್ನು ಓದಿದರೆ ಏನು ಕಾಣುತ್ತದೆ ಎಂಬುದೇ ಈ ಬರಹದ ವಿಷಯ.

ಪ್ರಬಂಧ ಹೇಳುವುದೇನು?

ವೈಸರ್ ಅವರ ಮುಖ್ಯ ವಾದ ಸರಳ. ಮನುಷ್ಯನ ಬದುಕಿನಲ್ಲಿ ನಿಜವಾಗಿ ಆಳಕ್ಕೆ ಇಳಿದ ತಂತ್ರಜ್ಞಾನಗಳು ಕಣ್ಣಿಗೆ ಬೀಳುವುದಿಲ್ಲ; ದಿನನಿತ್ಯದ ಬದುಕಿನಲ್ಲಿ ಹಾಸುಹೊಕ್ಕಾಗಿ ಮರೆಯಾಗಿಬಿಡುತ್ತವೆ. ಇದಕ್ಕೆ ಅವರು ಕೊಡುವ ಎರಡು ಉದಾಹರಣೆಗಳು ಬರವಣಿಗೆ ಮತ್ತು ವಿದ್ಯುತ್ ಮೋಟಾರು. ಬೀದಿಯ ಹಲಗೆಯಿಂದ ಮಿಠಾಯಿಯ ಹೊದಿಕೆಯವರೆಗೆ ಎಲ್ಲೆಲ್ಲೂ ಅಕ್ಷರಗಳಿವೆ, ಆದರೆ ‘ನಾನೀಗ ಓದುತ್ತಿದ್ದೇನೆ’ ಎಂಬ ಅರಿವೇ ನಮಗಿರುವುದಿಲ್ಲ. ಮೋಟಾರು ಬಂದ ಹೊಸತರಲ್ಲಿ ಕಾರ್ಖಾನೆಗೆಲ್ಲ ಒಂದೇ ದೊಡ್ಡ ಎಂಜಿನ್ನು, ಅದರಿಂದ ಬೆಲ್ಟು-ರಾಟೆಗಳು. ಈಗ ಒಂದು ಸಾಮಾನ್ಯ ಕಾರಿನಲ್ಲೇ ಇಪ್ಪತ್ತೆರಡು ಮೋಟಾರುಗಳಿರುತ್ತವೆ ಎಂದು ಅವರು 1991ರಲ್ಲೇ ಲೆಕ್ಕ ಹಾಕಿದ್ದರು. ಕಂಪ್ಯೂಟರೂ ಹೀಗೆಯೇ ಮೇಜಿನ ಮೇಲಿನ ಪೆಟ್ಟಿಗೆಯಿಂದ ಇಳಿದು, ಸುತ್ತಲಿನ ವಸ್ತುಗಳಲ್ಲಿ ಕರಗಿ ಹೋಗಬೇಕು ಎಂಬುದು ಅವರ ಆಸೆ.

ಇದು ಬರೀ ಆಸೆಯಾಗಿರಲಿಲ್ಲ. ಅವರ ಪ್ರಯೋಗಾಲಯ ಮೂರು ಅಳತೆಯ ಸಾಧನಗಳನ್ನು ಮಾಡಿ ನೋಡಿತ್ತು: ಅಂಗೈಯಲ್ಲಿ ಹಿಡಿಯಬಹುದಾದ ‘ಟ್ಯಾಬ್’, ಕಾಗದದ ಹಾಳೆಯಷ್ಟಿರುವ ‘ಪ್ಯಾಡ್’, ಗೋಡೆಗೆ ಹಾಕುವ ಕರಿಹಲಗೆಯಷ್ಟಿರುವ ‘ಬೋರ್ಡ್’. ಒಂದು ಕೋಣೆಯಲ್ಲಿ ನೂರಕ್ಕೂ ಹೆಚ್ಚು ಟ್ಯಾಬ್‌ಗಳು, ಹತ್ತಿಪ್ಪತ್ತು ಪ್ಯಾಡ್‌ಗಳು, ಒಂದೆರಡು ಬೋರ್ಡ್‌ಗಳು ಇರುವ ದಿನವನ್ನು ವೈಸರ್ ಊಹಿಸಿದರು. ಇಂದು ನಮ್ಮ ಕೈಯಲ್ಲಿರುವ ಫೋನು, ಟ್ಯಾಬ್ಲೆಟ್ಟು, ಗೋಡೆಯ ಟಿವಿಗಳನ್ನು ನೋಡಿದರೆ ಅವರ ಊಹೆ ಎಷ್ಟು ನಿಖರವಾಗಿತ್ತೆಂದು ತಿಳಿಯುತ್ತದೆ. ಮೂವತ್ತು ವರ್ಷದ ನಂತರವೂ ಇಷ್ಟು ನಿಜವಾಗಿ ಉಳಿಯುವ ತಾಂತ್ರಿಕ ಬರಹಗಳು ವಿರಳ.

ಪ್ರಬಂಧದ ಕೊನೆಯ ಭಾಗದಲ್ಲಿ ಸ್ಯಾಲ್ ಎಂಬ ಕಾಲ್ಪನಿಕ ಹೆಣ್ಣುಮಗಳ ಒಂದು ದಿನದ ಕಥೆ ಬರುತ್ತದೆ. ಅವಳು ಏಳುವ ಹೊತ್ತಿಗೆ ಅಲಾರಂ ಗಡಿಯಾರ ‘ಕಾಫಿ?’ ಎಂದು ಕೇಳುತ್ತದೆ. ಆ ಗಡಿಯಾರಕ್ಕೆ ಅರ್ಥವಾಗುವುದು ಹೌದು, ಅಲ್ಲ ಎಂಬ ಎರಡೇ ಮಾತು. ಅವಳ ಕೋಣೆಯ ಕಿಟಕಿಯಲ್ಲಿ ನೆರೆಹೊರೆಯವರು ಬೆಳಿಗ್ಗೆ ಓಡಾಡಿದ ಗುರುತುಗಳು ಮೂಡಿರುತ್ತವೆ. ಮಕ್ಕಳು ಎದ್ದು ಎಷ್ಟು ನಿಮಿಷವಾಯಿತು, ಈಗ ಎಲ್ಲಿದ್ದಾರೆ ಎಂಬುದೂ ತಿಳಿಯುತ್ತದೆ. ಕಳೆದುಹೋದ ಕೈಪಿಡಿ ತಾನೇ ಎಲ್ಲಿದ್ದೇನೆಂದು ಹೇಳುತ್ತದೆ. ಎಲ್ಲವೂ ಸುಸೂತ್ರ.

ಹೋಲಿಕೆಗಳಲ್ಲಿನ ಬಿರುಕು

ಮೆಚ್ಚಬೇಕಾದದ್ದು ಬಹಳ ಇದೆ. ಆದರೆ ಇಡೀ ವಾದ ಆ ಎರಡು ಹೋಲಿಕೆಗಳ ಮೇಲೆ ನಿಂತಿರುವುದರಿಂದ, ಮೊದಲು ಅವನ್ನೇ ತಟ್ಟಿ ನೋಡಬೇಕು.

ಬರವಣಿಗೆ ನಮ್ಮ ಗಮನದಿಂದ ಮರೆಯಾಗುತ್ತದೆ, ನಿಜ. ಆದರೆ ಬೇಕೆಂದಾಗ ತಿರುಗಿ ನೋಡಿದರೆ ಅಲ್ಲೇ ಇರುತ್ತದೆ. ನಿನ್ನೆ ರಾತ್ರಿ ಅಂಗಡಿಯ ಹಲಗೆಯಲ್ಲಿದ್ದ ಅಕ್ಷರ ಇಂದು ಬೆಳಿಗ್ಗೆ ತಾನಾಗಿ ಬದಲಾಗುವುದಿಲ್ಲ. ಅದನ್ನು ಯಾರು ಓದಿದರು, ಎಷ್ಟು ಹೊತ್ತು ನಿಂತು ಓದಿದರು ಎಂದು ಅಕ್ಷರ ಯಾರಿಗೂ ವರದಿ ಕಳಿಸುವುದಿಲ್ಲ. ಬರೆದವನ ಕಂಪನಿ ಮುಚ್ಚಿದರೆ ಪುಸ್ತಕದ ಪುಟ ಖಾಲಿಯಾಗುವುದಿಲ್ಲ.

ಮೋಟಾರಿನ ಕಥೆಯೂ ಅಷ್ಟೆ. ಕಾರಿನ ವೈಪರಿನ ಮೋಟಾರು ಒಂದೇ ಕೆಲಸ ಮಾಡುತ್ತದೆ. ಅದು ಕೆಟ್ಟರೆ ವೈಪರ್ ನಿಲ್ಲುತ್ತದೆ. ಕಿಟಕಿಯ ಗಾಜು ಇಳಿಯುವುದೇನೂ ನಿಲ್ಲುವುದಿಲ್ಲ. ಮೆಕ್ಯಾನಿಕ್ ಬಾನೆಟ್ ತೆಗೆದು, ಕೈಯಿಟ್ಟು, ‘ಇದೇ ನೋಡಿ ಸಾರ್ ಹೋಗಿರೋದು’ ಎಂದು ತೋರಿಸುತ್ತಾನೆ. ಇಪ್ಪತ್ತೆರಡು ಮೋಟಾರುಗಳು ಒಂದೇ ಕಾರಿನಲ್ಲಿದ್ದರೂ ಅವಕ್ಕೆ ಪರಸ್ಪರ ಮಾತುಕತೆ ಬೇಕಿರಲಿಲ್ಲ, ಅದಕ್ಕೇ ಅವು ಮರೆಯಾಗಿದ್ದರೂ ಅಪಾಯವಿರಲಿಲ್ಲ.

ಜಾಣ ವಸ್ತುಗಳ ವಿಷಯ ಬೇರೆ. ಅವುಗಳ ಜಾಣತನ ಇರುವುದೇ ಒಂದರೊಡನೊಂದು ಬೆಸೆದುಕೊಳ್ಳುವುದರಲ್ಲಿ. ಕೆಡುಕು ಹುಟ್ಟುವುದೂ ಆ ಬೆಸುಗೆಯಲ್ಲೇ. ವಸ್ತುವಿನ ಜೊತೆಗೆ ಬೆಸುಗೆಯೂ ಮರೆಯಾದರೆ, ಕೆಟ್ಟದ್ದು ಯಾವುದು, ಉತ್ತರ ಹೇಳಬೇಕಾದವರು ಯಾರು ಎಂಬುದೂ ಮರೆಯಾಗುತ್ತದೆ. ಇಲ್ಲಿ ವೈಸರ್ ಅವರ ವಾದ ತಪ್ಪಿದೆ ಎಂಬುದು ನನ್ನ ಅಭಿಪ್ರಾಯ. ಸ್ಯಾಲ್‌ಳ ಕಥೆಯನ್ನು ಇನ್ನೊಮ್ಮೆ ಓದಿ ನೋಡಿ: ಇಡೀ ದಿನದಲ್ಲಿ ಅವಳ ಮನೆಯ ಒಂದು ವಸ್ತುವೂ ಕೈಕೊಡುವುದಿಲ್ಲ. ಅವಳಿಗೆ ಕಾಯಿಲೆಯಿಲ್ಲ, ಮುಪ್ಪಿಲ್ಲ, ಕಣ್ಣು ಮಂಜಾಗಿಲ್ಲ. ಎಲ್ಲ ಸರಿಯಿರುವ ದಿನಕ್ಕೆ ಮಾಡಿದ ವಿನ್ಯಾಸ ಅದು.

ಶಸ್ತ್ರಚಿಕಿತ್ಸೆಯ ಕೋಣೆ ಕಲಿಸಿದ ಪಾಠ

ಎರಡು ಯಂತ್ರಗಳ ನಡುವಿನ ಸಂದಿಯಲ್ಲಿ ಏನಾಗಬಹುದು ಎಂಬುದಕ್ಕೆ ಅರಿವಳಿಕೆ ವೈದ್ಯರೆಲ್ಲ ಬಲ್ಲ ಒಂದು ಪ್ರಸಂಗವಿದೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಅಮೆರಿಕದಲ್ಲಿ ಅರಿವಳಿಕೆಯಲ್ಲಿನ ರೋಗಿಗಳ ಸುರಕ್ಷತೆಗಾಗಿಯೇ ಇರುವ ಪ್ರತಿಷ್ಠಾನದ ವಾರ್ತಾಪತ್ರದಲ್ಲಿ ಅದು ವರದಿಯಾಗಿತ್ತು. ಮೂವತ್ತೆರಡು ವರ್ಷದ ಒಬ್ಬ ಹೆಣ್ಣುಮಗಳಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ನಡೆಯುತ್ತಿತ್ತು. ನಡುವೆ ಒಂದು ಎಕ್ಸ್-ರೇ ಬೇಕಾಯಿತು. ಎದೆ ಅಲುಗಿದರೆ ಚಿತ್ರ ಮಸುಕಾಗುತ್ತದೆಂದು ಅರಿವಳಿಕೆ ವೈದ್ಯರು ಕ್ಷಣಕಾಲ ವೆಂಟಿಲೇಟರ್ ನಿಲ್ಲಿಸಿದರು. ಇದು ಎಲ್ಲರೂ ಮಾಡುತ್ತಿದ್ದ ಕ್ರಮವೇ. ಅಷ್ಟರಲ್ಲಿ ಮೇಜಿನ ಕೆಳಗಿದ್ದ ಫಿಲ್ಮು ಹೊರಗೆ ಬರಲಿಲ್ಲ, ಮೇಜಿನ ಗೇರು ಸಿಕ್ಕಿಹಾಕಿಕೊಂಡಿತು. ವೈದ್ಯರು ಸಹಾಯಕ್ಕೆ ಹೋದರು. ಕೊನೆಗೂ ಫಿಲ್ಮು ಬಂತು, ಶಸ್ತ್ರಚಿಕಿತ್ಸೆ ಮುಂದುವರಿಯಿತು. ವೆಂಟಿಲೇಟರ್ ಮಾತ್ರ ನಿಂತೇ ಇತ್ತು. ಹೃದಯದ ಬಡಿತ ಇಳಿದದ್ದು ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿತ್ತು. ಆಕೆ ಬದುಕಲಿಲ್ಲ.

ಎಕ್ಸ್-ರೇ ಯಂತ್ರ ಸರಿಯಾಗಿತ್ತು. ವೆಂಟಿಲೇಟರೂ ಸರಿಯಾಗಿತ್ತು. ಎರಡನ್ನೂ ಜೋಡಿಸುತ್ತಿದ್ದ ಏಕೈಕ ತಂತಿ ಒಬ್ಬ ಮನುಷ್ಯನ ನೆನಪು. ಬೀದಿಯಲ್ಲಿ ಸಿಗುವ ಅಗ್ಗದ ಕ್ಯಾಮೆರಾ ಕೂಡ ತನ್ನ ಫ್ಲಾಶ್ ಜೊತೆ ಹೊಂದಿಕೊಂಡು ಕೆಲಸ ಮಾಡುತ್ತದೆ. ಲಕ್ಷಾಂತರ ಡಾಲರ್‌ನ ಈ ಯಂತ್ರಗಳಿಗೆ ಉಸಿರಿನ ನಡುವಿನ ಒಂದು ಬಿಡುವಿನಲ್ಲಿ ಚಿತ್ರ ತೆಗೆಯುವುದು ಏಕೆ ಸಾಧ್ಯವಿಲ್ಲ? ಇಂಥ ಪ್ರಶ್ನೆಯನ್ನು ಹಿಡಿದು ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಅರಿವಳಿಕೆ ವೈದ್ಯ ಜೂಲಿಯನ್ ಗೋಲ್ಡ್‌ಮನ್ 2004ರಲ್ಲಿ ವೈದ್ಯಕೀಯ ಸಾಧನಗಳನ್ನು ಪರಸ್ಪರ ಬೆಸೆಯುವ ಒಂದು ಕಾರ್ಯಕ್ರಮವನ್ನೇ ಆರಂಭಿಸಿದರು.

ಹಾಗಾದರೆ ಬೆಸೆದುಬಿಟ್ಟರೆ ಮುಗಿಯಿತೇ? ಇಲ್ಲ. ಆ ಗುಂಪಿನವರು ಯೋಚಿಸಿದ ಇನ್ನೊಂದು ಜೋಡಣೆಯನ್ನು ನೋಡಿ. ಶಸ್ತ್ರಚಿಕಿತ್ಸೆಯ ನಂತರ ರೋಗಿ ತಾನೇ ಗುಂಡಿ ಒತ್ತಿ ಮಾರ್ಫಿನ್ ಪಡೆಯುವ ಪಂಪು ಇರುತ್ತದೆ. ಔಷಧ ಹೆಚ್ಚಾದರೆ ಉಸಿರು ನಿಧಾನವಾಗುತ್ತದೆ. ಆದ್ದರಿಂದ ಬೆರಳಿಗೆ ಹಾಕಿದ ಪಲ್ಸ್ ಆಕ್ಸಿಮೀಟರನ್ನು ಪಂಪಿಗೆ ಜೋಡಿಸಿ, ಆಮ್ಲಜನಕ ಇಳಿದರೆ ಪಂಪು ತಾನಾಗಿ ನಿಲ್ಲುವಂತೆ ಮಾಡಬಹುದು. ಒಳ್ಳೆಯ ಉಪಾಯ. ಆದರೆ ಬೆರಳಿನಿಂದ ಆಕ್ಸಿಮೀಟರ್ ಜಾರಿಬಿದ್ದರೆ? ಪಂಪು ನಿಂತರೆ ರೋಗಿ ನೋವಿನಿಂದ ನರಳಬೇಕು. ನಿಲ್ಲದಿದ್ದರೆ ಕಾವಲೇ ಇಲ್ಲದಂತೆ. ಎರಡು ವಸ್ತುಗಳನ್ನು ಜೋಡಿಸುವ ತಂತಿ ಸುಲಭದ ಕೆಲಸ. ಸುದ್ದಿ ಬಾರದಿದ್ದಾಗ ಏನು ಮಾಡಬೇಕು, ಯಾರನ್ನು ಕರೆಯಬೇಕು ಎಂದು ಮೊದಲೇ ತೀರ್ಮಾನಿಸುವುದು ಕಷ್ಟದ ಕೆಲಸ. ವೈಸರ್ ಅವರ ಪ್ರಬಂಧ ತಂತಿಯ ಬಗ್ಗೆ, ನೆಟ್‌ವರ್ಕಿನ ವೇಗದ ಬಗ್ಗೆ ಪುಟಗಟ್ಟಲೆ ಹೇಳುತ್ತದೆ. ಈ ಎರಡನೆಯ ಕೆಲಸದ ಬಗ್ಗೆ ಏನೂ ಹೇಳುವುದಿಲ್ಲ.

ಅತಿಯಾದ ಕೂಗು

ಯಂತ್ರ ಮರೆಯಾಗಬಾರದೆಂದರೆ ಯಾವಾಗಲೂ ಕೂಗುತ್ತಿರಬೇಕು ಎಂದೇನೂ ಅಲ್ಲ. ಅದರ ಫಲವನ್ನೂ ನಾವು ಆಸ್ಪತ್ರೆಗಳಲ್ಲಿ ಉಂಡಿದ್ದೇವೆ.

ಐಸಿಯುನ ಒಂದು ಹಾಸಿಗೆಯ ಸುತ್ತ ಮಾನಿಟರ್, ವೆಂಟಿಲೇಟರ್, ನಾಲ್ಕಾರು ಔಷಧದ ಪಂಪುಗಳು. ಪ್ರತಿಯೊಂದನ್ನೂ ಬೇರೆ ಬೇರೆ ಕಂಪನಿ ತಯಾರಿಸಿದೆ. ಪ್ರತಿ ಕಂಪನಿಗೂ ತನ್ನ ಯಂತ್ರ ಎಚ್ಚರಿಸಲಿಲ್ಲ ಎಂಬ ಆಪಾದನೆ ಬರಬಾರದು. ಹಾಗಾಗಿ ಎಲ್ಲವೂ ಕೂಗುತ್ತವೆ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2013ರ ಏಪ್ರಿಲ್‌ನಲ್ಲಿ ಈ ಬಗ್ಗೆ ಒಂದು ಎಚ್ಚರಿಕೆ ಪತ್ರ ಹೊರಡಿಸಿತು. ಆಸ್ಪತ್ರೆಗಳಲ್ಲಿ ಮೊಳಗುವ ಅಲಾರಂಗಳಲ್ಲಿ ಶೇ. 85ರಿಂದ 99ರಷ್ಟಕ್ಕೆ ಯಾವ ಚಿಕಿತ್ಸೆಯೂ ಬೇಕಿರುವುದಿಲ್ಲ ಎಂದು ಅದು ಹೇಳಿತು. 2009ರ ಜನವರಿಯಿಂದ 2012ರ ಜೂನ್‌ವರೆಗೆ ತನಗೆ ವರದಿಯಾದ ಅಲಾರಂ ಸಂಬಂಧಿತ 98 ಅನಾಹುತಗಳಲ್ಲಿ 80 ಸಾವಿನಲ್ಲಿ ಮುಗಿದಿದ್ದವು. ದಿನಕ್ಕೆ ನೂರಾರು ಸಲ ‘ತೋಳ ಬಂತು’ ಎಂದು ಕೂಗಿದರೆ, ನಿಜವಾದ ತೋಳ ಬಂದಾಗ ಎಂಥ ಒಳ್ಳೆಯ ನರ್ಸ್‌ನ ಕಿವಿಯೂ ಕೇಳಿಸಿಕೊಳ್ಳದು. ಇದನ್ನು ಅಲಾರಂ ದಣಿವು ಎನ್ನುತ್ತಾರೆ. ದಣಿವು ಮನುಷ್ಯನದ್ದು, ಅದನ್ನು ಹುಟ್ಟಿಸಿದ್ದು ಪ್ರತಿ ಯಂತ್ರವನ್ನೂ ಒಂಟಿಯಾಗಿ ಕಲ್ಪಿಸಿಕೊಂಡ ವಿನ್ಯಾಸ.

ಈಗ ಇದೇ ರೋಗ ಮನೆಗಳಿಗೂ ಬಂದಿದೆ. ಬಾಗಿಲ ಕ್ಯಾಮೆರಾ ಅಳಿಲು ಓಡಿದರೂ ಫೋನಿಗೆ ಸುದ್ದಿ ಕಳಿಸುತ್ತದೆ. ಒಂದು ತಿಂಗಳಾದ ಮೇಲೆ ನಾವು ಅದನ್ನು ನೋಡುವುದೇ ಇಲ್ಲ. 2022ರ ಚಳಿಗಾಲದಲ್ಲಿ ಕೊಲರಾಡೊದ ಸ್ಕೀ ತಾಣಗಳ ತುರ್ತು ಸೇವಾ ಕೇಂದ್ರಗಳಿಗೆ, ಸ್ಕೀ ಮಾಡುತ್ತಿದ್ದವರ ಫೋನು-ಗಡಿಯಾರಗಳಿಂದ ‘ಅಪಘಾತವಾಗಿದೆ’ ಎಂಬ ಸ್ವಯಂಚಾಲಿತ ಕರೆಗಳು ರಾಶಿರಾಶಿ ಬಂದವು. ಹೆಚ್ಚಿನವರಿಗೆ ಏನೂ ಆಗಿರಲಿಲ್ಲ. ಆದರೆ ಪ್ರತಿ ಕರೆಯನ್ನೂ ಯಾರೋ ಒಬ್ಬರು ಎತ್ತಿ ವಿಚಾರಿಸಲೇಬೇಕಿತ್ತು.

ದಾರದ ಕುಣಿತ, ರಂಗೋಲಿಯ ಸುದ್ದಿ

ವೈಸರ್ ಅವರಿಗೆ ನ್ಯಾಯ ಸಲ್ಲಿಸಬೇಕಾದರೆ ಅವರ ನಂತರದ ಬರಹವನ್ನೂ ನೋಡಬೇಕು. 1995ರಲ್ಲಿ ಜಾನ್ ಸೀಲಿ ಬ್ರೌನ್ ಜೊತೆ ಸೇರಿ ಅವರು ‘ಶಾಂತ ತಂತ್ರಜ್ಞಾನ’ದ ಬಗ್ಗೆ ಬರೆದರು. ಅದರಲ್ಲಿ ನಟಾಲಿ ಜೆರಮಿಯೆಂಕೊ ಎಂಬ ಕಲಾವಿದೆ ಮಾಡಿದ ಒಂದು ಸರಳ ವಸ್ತುವಿನ ವರ್ಣನೆಯಿದೆ. ಛಾವಣಿಗೆ ಒಂದು ಪುಟ್ಟ ಮೋಟಾರು, ಅದರಿಂದ ಇಳಿಬಿಟ್ಟ ಎಂಟು ಅಡಿ ಉದ್ದದ ಪ್ಲಾಸ್ಟಿಕ್ ದಾರ. ಮೋಟಾರಿಗೆ ಕಚೇರಿಯ ನೆಟ್‌ವರ್ಕ್ ತಂತಿಯ ಸಂಪರ್ಕ. ನೆಟ್‌ವರ್ಕಿನಲ್ಲಿ ಸಂಚಾರ ಹೆಚ್ಚಾದರೆ ದಾರ ಗಿರಗಿರನೆ ಸುತ್ತಿ ಸದ್ದು ಮಾಡುತ್ತದೆ. ಕಡಿಮೆಯಾದರೆ ಆಗೊಮ್ಮೆ ಈಗೊಮ್ಮೆ ಮಿಡಿಯುತ್ತದೆ. ಯಾರೂ ಅದನ್ನು ನೋಡುತ್ತ ಕೂರಬೇಕಿಲ್ಲ, ಆದರೆ ಹಜಾರದ ಮೂಲೆಯಲ್ಲಿರುವ ಅದರ ಸುದ್ದಿ ಎಲ್ಲರಿಗೂ ಗೊತ್ತು.

ಇಲ್ಲಿ ವೈಸರ್ ತಮ್ಮ ಮೊದಲ ಮಾತನ್ನು ಸದ್ದಿಲ್ಲದೆ ತಿದ್ದಿಕೊಂಡಿದ್ದಾರೆ. ವಸ್ತು ಪೂರ್ತಿ ಮರೆಯಾಗಬೇಕಿಲ್ಲ, ಗಮನದ ಅಂಚಿನಲ್ಲಿದ್ದರೆ ಸಾಕು. ಬೇಕಾದಾಗ ನಡುವಿಗೆ ಬರುವಂತಿರಬೇಕು. ಇದು 1991ರ ಪ್ರಬಂಧಕ್ಕಿಂತ ಎಷ್ಟೋ ಪಾಲು ಪ್ರೌಢವಾದ ವಿಚಾರ. ದುರದೃಷ್ಟವೆಂದರೆ ಉದ್ಯಮ ಹಿಡಿದುಕೊಂಡದ್ದು ಮೊದಲನೆಯ ಮಾತನ್ನು.

ಅರಿವಳಿಕೆ ವೈದ್ಯರಿಗೆ ಆ ದಾರದ ಅರ್ಥ ತಟ್ಟನೆ ಆಗುತ್ತದೆ, ಏಕೆಂದರೆ ನಮ್ಮಲ್ಲೂ ಅಂಥದ್ದೊಂದಿದೆ. ಪಲ್ಸ್ ಆಕ್ಸಿಮೀಟರ್ ಪ್ರತಿ ನಾಡಿಬಡಿತಕ್ಕೂ ಒಂದು ಸಣ್ಣ ದನಿ ಹೊರಡಿಸುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದಂತೆ ಆ ದನಿಯ ಶ್ರುತಿಯೂ ಇಳಿಯುತ್ತದೆ. ಶಸ್ತ್ರಚಿಕಿತ್ಸಕರ ಜೊತೆ ಮಾತಾಡುತ್ತಲೇ, ಪರದೆಯ ಕಡೆ ಬೆನ್ನು ಮಾಡಿಕೊಂಡೇ, ಶ್ರುತಿ ಅರೆಸ್ವರ ಕೆಳಗಿಳಿದರೆ ನಮ್ಮ ತಲೆ ತಾನಾಗಿ ಆ ಕಡೆ ತಿರುಗುತ್ತದೆ. ಸಂಗೀತ ಕಛೇರಿಯಲ್ಲಿ ತಂಬೂರಿ ಶ್ರುತಿ ತಪ್ಪಿದರೆ ಹಾಡುವವರಿಗೆ ಗೊತ್ತಾಗುವ ಹಾಗೆ. ಅದು ಕೂಗುವುದಿಲ್ಲ, ಅಡಗುವುದೂ ಇಲ್ಲ. ನನ್ನ ವೃತ್ತಿಜೀವನದಲ್ಲಿ ಕಂಡ ಅತ್ಯುತ್ತಮ ವಿನ್ಯಾಸ ಯಾವುದೆಂದು ಕೇಳಿದರೆ ಆ ದನಿಯನ್ನೇ ತೋರಿಸುತ್ತೇನೆ.

ಸಿಲಿಕಾನ್ ಕಣಿವೆಯ ದಾರಕ್ಕೂ ಮೊದಲೇ ಇಂಥ ಜಾಲವೊಂದು ನಮ್ಮ ಊರಿನ ಬೀದಿಗಳಲ್ಲಿತ್ತು. ಎಂಟು ಗಂಟೆಯಾದರೂ ಅಜ್ಜಿಯ ಮನೆಯ ಮುಂದೆ ನೀರು ಚೆಲ್ಲಿ ರಂಗೋಲಿ ಹಾಕಿಲ್ಲ. ಹಾಲಿನ ಪ್ಯಾಕೆಟ್ಟು ಬಾಗಿಲಲ್ಲೇ ಬಿದ್ದಿದೆ. ಪೇಪರನ್ನು ಯಾರೂ ಎತ್ತಿಕೊಂಡಿಲ್ಲ. ಎದುರು ಮನೆಯವರು ಬಂದು ‘ಏನಮ್ಮಾ, ಹುಷಾರಿಲ್ಲವಾ?’ ಎಂದು ಬಾಗಿಲು ಬಡಿಯುತ್ತಿದ್ದರು. ರಂಗೋಲಿ, ಹಾಲು, ಪೇಪರು ಮೂರೂ ದಿನಬಳಕೆಯ ವಸ್ತುಗಳು. ಮೂರೂ ಸೇರಿ ಒಂದು ಸುದ್ದಿ ಕೊಡುತ್ತಿದ್ದವು. ಆ ಜಾಲದ ಬಲವಿದ್ದದ್ದು ವಸ್ತುವಿನಲ್ಲಲ್ಲ. ಸುದ್ದಿ ತಿಳಿದ ಕೂಡಲೇ ಬೀದಿ ದಾಟಿ ಬರುವುದು ತನ್ನ ಕೆಲಸ ಎಂದುಕೊಂಡಿದ್ದ ಎದುರು ಮನೆಯವರಲ್ಲಿ. ಅಂಥ ಬೀದಿಗಳು ನೋಟವನ್ನೂ ಚಾಡಿಯನ್ನೂ ಧಾರಾಳವಾಗಿ ಕೊಡುತ್ತಿದ್ದವು, ಅದನ್ನೇನೂ ಮರೆಯಬೇಕಿಲ್ಲ. ಆದರೆ ಹೊಣೆ ಯಾರದೆಂಬ ಪ್ರಶ್ನೆಗೆ ಅಲ್ಲಿ ಉತ್ತರವಿತ್ತು.

ಮಾರುಕಟ್ಟೆಯಲ್ಲಿ ಆದದ್ದು

ಹೊಣೆ ಮರೆಯಾದರೆ ಏನಾಗುತ್ತದೆ ಎಂಬುದನ್ನು ಕಳೆದ ಹತ್ತು-ಹನ್ನೆರಡು ವರ್ಷಗಳ ಇತಿಹಾಸವೇ ಹೇಳುತ್ತದೆ. ರಿವಾಲ್ವ್ ಎಂಬ ಕಂಪನಿ ಮನೆಯ ದೀಪ, ಬೀಗ, ಸೆನ್ಸರ್‌ಗಳನ್ನು ಒಂದೆಡೆ ಸೇರಿಸುವ 300 ಡಾಲರ್‌ನ ಪೆಟ್ಟಿಗೆ ಮಾರುತ್ತಿತ್ತು. 2014ರಲ್ಲಿ ಅದನ್ನು ನೆಸ್ಟ್ ಕೊಂಡಿತು. 2016ರ ಮೇ 15ರಂದು ಸರ್ವರ್ ನಿಲ್ಲಿಸಿತು. ಕೆಡದೆ ಗಟ್ಟಿಮುಟ್ಟಾಗಿದ್ದ ಪೆಟ್ಟಿಗೆಗಳು ಒಂದೇ ದಿನದಲ್ಲಿ ನಿರುಪಯೋಗಿಯಾದವು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಕಂಪನಿಯ ಸರ್ವರ್‌ಗಳು ಮುನ್ಸೂಚನೆಯೇ ಇಲ್ಲದೆ ನಿಂತವು. ಕೊನೆಗೆ ಗ್ರಾಹಕರ ಒಂದು ಗುಂಪೇ ಕಂಪನಿಯನ್ನು ಕೊಂಡು ಮತ್ತೆ ಚಾಲೂ ಮಾಡಬೇಕಾಯಿತು. 2016ರ ಅಕ್ಟೋಬರ್‌ನಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು, ಕಾರ್ಖಾನೆಯ ಪಾಸ್‌ವರ್ಡನ್ನು ಯಾರೂ ಬದಲಿಸದಿದ್ದ ಮನೆಮನೆಯ ಕ್ಯಾಮೆರಾಗಳನ್ನು ಸೈನ್ಯವಾಗಿ ಕಟ್ಟಿಕೊಂಡು ಅಮೆರಿಕದ ದೊಡ್ಡ ದೊಡ್ಡ ಜಾಲತಾಣಗಳನ್ನು ಗಂಟೆಗಟ್ಟಲೆ ಸ್ತಬ್ಧಗೊಳಿಸಿತು. ತಮ್ಮ ಗೋಡೆಯ ಕ್ಯಾಮೆರಾ ಆ ಸೈನ್ಯಕ್ಕೆ ಸೇರಿದೆ ಎಂದು ಮನೆಯವರಿಗೆ ಗೊತ್ತೇ ಆಗಲಿಲ್ಲ. ಅಷ್ಟರಮಟ್ಟಿಗೆ ಯಂತ್ರ ‘ಮರೆಯಾಗಿತ್ತು’.

ಸುಧಾರಣೆಯೂ ಆಗಿದೆ. ಆಪಲ್, ಗೂಗಲ್, ಅಮೆಜಾನ್ ಮುಂತಾದ ಕಂಪನಿಗಳು ಸೇರಿ ರೂಪಿಸಿದ ‘ಮ್ಯಾಟರ್’ ಎಂಬ ಸಮಾನ ಮಾನದಂಡ 2022ರ ಅಕ್ಟೋಬರ್‌ನಲ್ಲಿ ಹೊರಬಂತು. ಬೇರೆ ಬೇರೆ ಕಂಪನಿಗಳ ವಸ್ತುಗಳು ಅದರ ಮೂಲಕ ಮನೆಯೊಳಗಿನ ಜಾಲದಲ್ಲೇ, ದೂರದ ಸರ್ವರಿನ ಹಂಗಿಲ್ಲದೆ, ಮಾತಾಡಬಹುದು. ಇದು ಸ್ವಾಗತಾರ್ಹ. ಆದರೆ ಸಮಾನ ಭಾಷೆ ಬಂದ ಮಾತ್ರಕ್ಕೆ ಹೊಣೆಗಾರಿಕೆ ಬರುವುದಿಲ್ಲ. ಆಸ್ಪತ್ರೆಯಲ್ಲಿ ನಾವೆಲ್ಲ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದೆವು. ಆದರೂ ‘ಈ ರೋಗಿ ಯಾರ ಸುಪರ್ದಿನಲ್ಲಿ?’ ಎಂಬ ಪ್ರಶ್ನೆಯನ್ನು ಪ್ರತಿ ಪಾಳಿಯಲ್ಲೂ ಹೊಸದಾಗಿ ಕೇಳಿ ಬರೆದಿಡಬೇಕಾಗುತ್ತಿತ್ತು.

ಒಂದು ಒಳ್ಳೆಯ ಮಾದರಿಯನ್ನೂ ಹೇಳಬೇಕು. 2017ರ ಆಗಸ್ಟ್‌ನಲ್ಲಿ ಅಬಟ್ ಕಂಪನಿಯ ಕೆಲವು ಪೇಸ್‌ಮೇಕರ್‌ಗಳ ತಂತ್ರಾಂಶದಲ್ಲಿ ಸುರಕ್ಷತೆಯ ಲೋಪವಿದೆಯೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಪ್ರಕಟಿಸಿತು. ಈ ದೇಶದಲ್ಲೇ ಸುಮಾರು 4,65,000 ಸಾಧನಗಳು. ಅವುಗಳನ್ನು ರಾತ್ರೋರಾತ್ರಿ ದೂರದಿಂದ ಅಪ್‌ಡೇಟ್ ಮಾಡಲಿಲ್ಲ. ರೋಗಿ ಕ್ಲಿನಿಕ್ಕಿಗೆ ಬರಬೇಕು, ವೈದ್ಯರ ಜೊತೆ ಮಾತಾಡಬೇಕು, ಒಪ್ಪಿದರೆ ಸುಮಾರು 3 ನಿಮಿಷದ ಕೆಲಸ. ಆ ಮೂರು ನಿಮಿಷ ಪೇಸ್‌ಮೇಕರ್ ಮೂಲಭೂತ ಕ್ರಮದಲ್ಲಿ ಹೃದಯವನ್ನು ನಡೆಸುತ್ತಲೇ ಇರುತ್ತದೆ. ಎದೆಯೊಳಗಿನ ಯಂತ್ರ ಎಷ್ಟು ಮರೆಯಾಗಿದ್ದರೂ, ಅದನ್ನು ಮುಟ್ಟುವ ಕ್ಷಣ ಮಾತ್ರ ಬೆಳಕಿನಲ್ಲಿತ್ತು. ಹೊಣೆ ಹೊತ್ತವರು ಪಕ್ಕದಲ್ಲೇ ಕೂತಿದ್ದರು.

ಅಪ್ಪ-ಅಮ್ಮನ ಮನೆ

ಈ ಚರ್ಚೆ ನಮ್ಮ ಕೂಟದವರಿಗೆ ಮುಟ್ಟುವುದು ಇಲ್ಲಿನ ನಮ್ಮ ಮನೆಗಿಂತ ಊರಿನ ಮನೆಯಲ್ಲಿ. ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ವಯಸ್ಸಾದ ತಂದೆತಾಯಿ ಇಬ್ಬರೇ, ಎಷ್ಟೋ ಕಡೆ ಒಬ್ಬರೇ, ಇದ್ದಾರೆ. ರಜೆಗೆ ಹೋದಾಗ ನಾವು ಕ್ಯಾಮೆರಾ, ಬೀಳುವುದನ್ನು ಗುರುತಿಸುವ ಗಡಿಯಾರ, ಮಾತ್ರೆ ನೆನಪಿಸುವ ಡಬ್ಬಿ, ಬಾಗಿಲಿನ ಸೆನ್ಸರ್ ಇಷ್ಟನ್ನೂ ಸೂಟ್‌ಕೇಸಿನಲ್ಲಿ ಒಯ್ದು ಜೋಡಿಸಿ ಬರುತ್ತೇವೆ. ಕಾಳಜಿಯಿಂದಲೇ ಮಾಡುವ ಕೆಲಸ, ಸಂಶಯವಿಲ್ಲ.

ಆದರೆ ಆ ಜಾಲದ ನಕ್ಷೆ ಬರೆದು ನೋಡಿ. ಮೈಸೂರಿನಲ್ಲಿ ರಾತ್ರಿ ಎರಡು ಗಂಟೆಗೆ ಅಮ್ಮ ಬಚ್ಚಲಮನೆಯಲ್ಲಿ ಜಾರುತ್ತಾರೆ. ಬೇಸಿಗೆಯಾದರೆ ಚಿಕಾಗೋದಲ್ಲಿ ಆಗ ಹಿಂದಿನ ದಿನದ ಮಧ್ಯಾಹ್ನ ಮೂರೂವರೆ. ಸುದ್ದಿ ಎಂಟು ಸಾವಿರಕ್ಕೂ ಹೆಚ್ಚು ಮೈಲಿ ಹಾರಿ, ಮೀಟಿಂಗಿನಲ್ಲಿರುವ ಮಗನ ಮೂಕ ಫೋನಿಗೆ ಬಂದು ಬೀಳುತ್ತದೆ. ಇಪ್ಪತ್ತು ಅಡಿ ದೂರದ ಪಕ್ಕದ ಮನೆಗೆ ಗೊತ್ತೇ ಆಗುವುದಿಲ್ಲ, ಏಕೆಂದರೆ ಆಪ್‌ನಲ್ಲಿ ಅವರ ನಂಬರೇ ಇಲ್ಲ. ಕರೆಂಟು ಹೋಗಿದ್ದು, ರೂಟರ್ ಯುಪಿಎಸ್‌ಗೆ ಜೋಡಿಸಿಲ್ಲದಿದ್ದರೆ ಯಾರಿಗೂ ಸುದ್ದಿಯೇ ಇಲ್ಲ. ಆಗ ನಮ್ಮ ಫೋನಿನಲ್ಲಿ ಕಾಣುವುದೇನು? ಏನೂ ಕಾಣುವುದಿಲ್ಲ. ಎಲ್ಲ ಸರಿಯಿರುವಾಗಲೂ ಹಾಗೆಯೇ ಇರುತ್ತದೆ. ‘ಕ್ಷೇಮ’ ಮತ್ತು ‘ಸಂಪರ್ಕವಿಲ್ಲ’ ಎಂಬ ಎರಡಕ್ಕೂ ಒಂದೇ ಮೌನ. ಐಸಿಯುನಲ್ಲಿ ಹೀಗಿರಲು ಬಿಡುವುದಿಲ್ಲ. ಎದೆಯ ಮೇಲಿನ ತಂತಿ ಕಳಚಿದರೆ ಮಾನಿಟರ್ ಹಾಗೆಂದೇ ಹೇಳುತ್ತದೆ. ‘ಎಲ್ಲ ಸರಿಯಿದೆ’ ಎಂಬಂತೆ ಸುಮ್ಮನಿರುವುದಿಲ್ಲ.

ಇನ್ನೊಂದು ವಿಷಯ ಗೌಪ್ಯತೆ. ವೈಸರ್ ಇದನ್ನು ಕಡೆಗಣಿಸಲಿಲ್ಲ. ಕೋಣೆಗೆ ನೂರಾರು ಕಂಪ್ಯೂಟರ್ ಇಟ್ಟರೆ ಅದು ಹಿಂದೆಂದೂ ಕಾಣದ ಸರ್ವಾಧಿಕಾರಕ್ಕೆ ಸಾಧನವಾಗಬಹುದೆಂದು ಅವರೇ ಎಚ್ಚರಿಸಿದ್ದರು. ಆದರೆ ಅವರು ಸೂಚಿಸಿದ ಪರಿಹಾರ ಗೂಢಲಿಪಿ, ಅಂದರೆ ಹೊರಗಿನವರು ಕದಿಯದಂತೆ ಬೀಗ. ನನ್ನ ಪರಿಚಯದ ಒಬ್ಬ ತಾಯಿ ಪೂಜೆಗೆ ಕೂರುವಾಗ ಮಗಳು ಹಾಕಿಸಿದ ಕ್ಯಾಮೆರಾದ ಮೇಲೆ ಟವೆಲ್ ಹೊದಿಸುತ್ತಾರೆ. ‘ದೇವರ ಮುಂದೆ ಅಳೋದನ್ನ ಅವಳು ನೋಡೋದು ಬೇಡ’ ಎಂಬುದು ಅವರ ಮಾತು. ಯಾವ ಗೂಢಲಿಪಿ ಈ ತಾಯಿಗೆ ನೆರವಾಗುತ್ತದೆ? ಆಕೆಗೆ ಬೇಕಿರುವುದು ಕಳ್ಳರಿಂದ ರಕ್ಷಣೆಯಲ್ಲ. ಪ್ರೀತಿಸುವವರ ಕಣ್ಣಿನಿಂದ ಸ್ವಲ್ಪ ಬಿಡುವು. ವೈದ್ಯವೃತ್ತಿಯಲ್ಲಿ ನಾವು ರೋಗಿಯ ವಿಷಯವನ್ನು ಮಕ್ಕಳಿಗೆ ಹೇಳುವ ಮೊದಲೂ ರೋಗಿಯ ಅನುಮತಿ ಕೇಳುತ್ತೇವೆ. ಸ್ಯಾಲ್‌ಳ ಮನೆಯಲ್ಲಿ ಮಕ್ಕಳನ್ನಾಗಲಿ ನೆರೆಯವರನ್ನಾಗಲಿ ಯಾರೂ ಅನುಮತಿ ಕೇಳಿದಂತೆ ಕಾಣುವುದಿಲ್ಲ. ಮರೆಯಾದ ಯಂತ್ರದ ಮೇಲೆ ಟವೆಲ್ ಹಾಕಲೂ ಬರುವುದಿಲ್ಲ ಎಂಬುದನ್ನು ಗಮನಿಸಬೇಕು.

ತೀರ್ಮಾನ

ವೈಸರ್ ಅವರ ಪ್ರಬಂಧ ದೊಡ್ಡ ಪ್ರಬಂಧವೇ. ಯಂತ್ರವು ಮನುಷ್ಯನ ಜಗತ್ತಿಗೆ ಹೊಂದಿಕೊಳ್ಳಬೇಕೇ ಹೊರತು ಮನುಷ್ಯ ಯಂತ್ರದ ಜಗತ್ತಿಗಲ್ಲ ಎಂಬ ಅದರ ಆಶಯ ಇಂದಿಗೂ ನಮಗೆ ದಾರಿದೀಪ. ಆದರೆ ‘ಮರೆಯಾಗುವುದೇ ಪರಿಪೂರ್ಣತೆ’ ಎಂಬ ಅದರ ಅಳತೆಗೋಲನ್ನು ನಾನು ಒಪ್ಪಲಾರೆ. ಒಟ್ಟಾಗಿ ಕೆಲಸ ಮಾಡುವ ವಸ್ತುಗಳನ್ನು ಅವು ಕೆಟ್ಟ ದಿನ ಹೇಗೆ ನಡೆದುಕೊಳ್ಳುತ್ತವೆ ಎಂಬುದರಿಂದ ಅಳೆಯಬೇಕು.

ವಿನ್ಯಾಸ ಮಾಡುವ ನಮ್ಮ ಯುವಮಿತ್ರರಿಗೂ, ಊರಿನ ಮನೆಗೆ ಇವನ್ನು ಒಯ್ಯುವ ನಮ್ಮೆಲ್ಲರಿಗೂ ನಾಲ್ಕು ಪ್ರಶ್ನೆಗಳು ಸಾಕೆಂದು ತೋರುತ್ತದೆ. ಸಂಪರ್ಕ ಕಡಿದಾಗ ಈ ವಸ್ತು ‘ಕಡಿದಿದೆ’ ಎಂದು ಹೇಳುತ್ತದೆಯೇ? ಅದರ ಕರೆ, ಬೇಗ ತಲುಪಬಲ್ಲ ಮನುಷ್ಯನಿಗೆ ಮೊದಲು ಹೋಗುತ್ತದೆಯೇ? ಮಾಡಿದ ಕಂಪನಿ ನಾಳೆ ಇಲ್ಲವಾದರೆ ದೀಪದ ಸ್ವಿಚ್ಚು ದೀಪ ಹೊತ್ತಿಸುತ್ತದೆಯೇ? ಯಾರ ಮನೆಯಲ್ಲಿ ಇದಿದೆಯೋ ಅವರಿಗೆ ಇದನ್ನು ಆರಿಸುವುದು ಗೊತ್ತಿದೆಯೇ, ಆರಿಸಿದರೆ ನಾವು ಸಿಟ್ಟಾಗದೆ ಇರುತ್ತೇವೆಯೇ?

ಈ ಡಿಸೆಂಬರ್‌ನಲ್ಲಿ ಊರಿಗೆ ಹೋಗುವವರು ಹೊಸ ಸೆನ್ಸರ್ ಕೊಳ್ಳುವ ಮೊದಲು ಪಕ್ಕದ ಮನೆಯವರ ಬಾಗಿಲು ತಟ್ಟಿ, ಒಂದು ಲೋಟ ಕಾಫಿ ಕುಡಿದು, ಅವರ ಫೋನ್ ನಂಬರನ್ನು ಅಪ್ಪ-ಅಮ್ಮನ ಆಪ್‌ನಲ್ಲಿ ಮೊದಲನೆಯದಾಗಿ ಸೇರಿಸಿ ಬನ್ನಿ. ಅದನ್ನು ಸೇರಿಸಬಹುದೇ ಎಂದು ಅಮ್ಮನನ್ನು ಮೊದಲು ಕೇಳಿ.